ಕಾಚಕೂಪೀ ಮಹಾತ್ಮೆ, ಅಥವಾ ತರಗುಪೇಟೆಯ ಅರಿಷ್ಟದ ಬಾಟಲಿಯನ್ನು ಕುರಿತ ಒಂದು ಸಂಶೋಧನೆ

ಪೀಠಿಕೆ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ್ದೇಕೆ ಎಂಬ ಪ್ರಶ್ನೆಗೆ ಇತಿಹಾಸಕಾರರು ವ್ಯಾಪಾರ, ರಕ್ಷಣೆ, ರಾಜಧಾನಿ ಎಂದೆಲ್ಲ ಉತ್ತರ ಹೇಳಿದ್ದಾರೆ. ಅವರಲ್ಲಿ ಯಾರಿಗೂ ಅಜೀರ್ಣದ ಬಾಧೆ ಇದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ, ಊರು ಕಟ್ಟಿದ್ದೇ ಅರಿಷ್ಟ, ಅಂದರೆ ಆಯುರ್ವೇದದ ಹುದುಗಿಸಿದ ಕಷಾಯ, ಹಾಕುವುದಕ್ಕೆ ಎಂಬುದು ಹೊಳೆಯುತ್ತಿತ್ತು. ಪುರಾವೆ ನಕ್ಷೆಯಲ್ಲೇ ಇದೆ. ಅರಿಷ್ಟಕ್ಕೆ ತುಪ್ಪ ಸವರಿದ ಮಡಕೆ ಬೇಕು: ಕುಂಬಾರಪೇಟೆ. ಮಡಕೆಯ ಬಾಯಿಗೆ ಮಣ್ಣು ಮೆತ್ತಿದ ಬಟ್ಟೆ ಬಿಗಿಯಬೇಕು: ಅರಳೇಪೇಟೆ. ಬಾಯಿ ಕಟ್ಟಿದ ಮಡಕೆಯನ್ನು ಧಾನ್ಯದ ರಾಶಿಯಲ್ಲಿ ಹುದುಗಿಸಿಡಬೇಕೆಂದು ಶಾಸ್ತ್ರ: ತರಗುಪೇಟೆ. ರಾಶಿ ಸಾಲದಿದ್ದರೆ ರಾಗಿಪೇಟೆ, ಅಕ್ಕಿಪೇಟೆ. ಕಡೆಗೆ ಗಾಜು: ಬಳೇಪೇಟೆ. ಪ್ಲಾಸ್ಟಿಕ್‌ಪೇಟೆ ಎಂಬುದನ್ನು ಮಾತ್ರ ಅವರು ಸ್ಥಾಪಿಸಲಿಲ್ಲ. ಆಗ ಪ್ಲಾಸ್ಟಿಕ್ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಅದು ಸಾಮಾನ್ಯರ ಓದು. ಸಂಶೋಧಕರು ಇದನ್ನು ದೂರದೃಷ್ಟಿ ಎಂದು ಓದಬೇಕು.

ಪೆಟ್ ಎಂಬ ಪ್ಲಾಸ್ಟಿಕ್ ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನಲ್ಲಿ. ಅದರ ಬಾಟಲಿಗೆ ಪೇಟೆಂಟ್ ಸಿಕ್ಕಿದ್ದು 1973ರಲ್ಲಿ, ಅಮೆರಿಕದಲ್ಲಿ. ಚರಕಸಂಹಿತೆ ಅರಿಷ್ಟದ ದಾಯಾದಿಗಳಾದ 84 ಆಸವಗಳನ್ನು ಎಣಿಸಿ ಎಷ್ಟೋ ಶತಮಾನಗಳಾದ ಮೇಲೆ ಬಂದ ಈ ಬಾಟಲಿ ಇಂದು ಗ್ರಂಧಿಗೆ ಅಂಗಡಿಯ ಕಟ್ಟೆಯ ಮೇಲೆ, ಅಳಲೆಕಾಯಿ ಮೂಟೆಗೂ ಹಿಪ್ಪಲಿ ಡಬ್ಬಕ್ಕೂ ನಡುವೆ, ಹಿರಿಯನಂತೆ ಕೂತಿದೆ. ಈ ಅನ್ಯಾಯವನ್ನು ಚರಕರೇ ಒಪ್ಪಿದ ಐದು ಅವಯವಗಳ ವಾದದಿಂದ ಪರಿಹರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರತಿಜ್ಞೆ

ಅರಿಷ್ಟದ ಬಾಟಲಿ ಗಾಜಿನದೇ ಆಗತಕ್ಕದ್ದು.

ಹೇತು

ಒಡೆಯುವುದರಿಂದ.

ಪೂರ್ವಪಕ್ಷ

ಹೇತುವನ್ನು ಕೇಳಿದ ಕೂಡಲೇ ತರಗುಪೇಟೆಯ ಶೆಟ್ಟರು ತಕ್ಕಡಿ ಕೆಳಗಿಟ್ಟರು. "ಸ್ವಾಮಿ, ತಾವು ಓದಿದೋರು. ಗಾಜು ಭಾರ, ಲಾರಿ ಬಾಡಿಗೆ ಜಾಸ್ತಿ. ಹಮಾಲಿ ಒಂದು ಬಾಕ್ಸ್ ಕೈಬಿಟ್ರೆ ದಶಮೂಲಾರಿಷ್ಟ ಎಲ್ಲಾ ಮೋರಿಗೆ. ಪ್ಲಾಸ್ಟಿಕ್ ಬಿದ್ರೆ ಉರುಳಿಕೊಂಡು ಹೋಗಿ ಸುಮ್ಮನೆ ನಿಂತ್ಕೊಳ್ಳುತ್ತೆ." ಭಾರವೆಂಬ ಮೊದಲ ಆಕ್ಷೇಪಕ್ಕೆ ತರ್ಕಶಾಸ್ತ್ರದಲ್ಲಿ ಗೌರವದೋಷವೆಂದು ಹೆಸರು. ತಕ್ಕಡಿಯಲ್ಲಿಟ್ಟು ತೂಗಬಹುದಾದ ಗೌರವದೋಷ ಇದೊಂದೇ ಇರಬೇಕು.

ಎರಡನೆಯ ಆಕ್ಷೇಪ ಬಸವನಗುಡಿಯಿಂದ ಬಂದದ್ದು, ಹೆಚ್ಚು ಗಂಭೀರವಾದದ್ದು. ಅರಿಷ್ಟದಲ್ಲಿ ತಾನಾಗಿ ಹುಟ್ಟುವ ಮದ್ಯಸಾರಕ್ಕೆ ಕಾನೂನು 12 ಪರ್ಸೆಂಟಿನವರೆಗೆ ಅವಕಾಶ ಕೊಡುತ್ತದೆ. ಸಾಮಾನ್ಯ ಬಿಯರಿನಲ್ಲಿ ಇರುವುದು 5ರ ಆಸುಪಾಸು. ಏಕಾದಶಿ ತಪ್ಪಿಸದ ಹಿರಿಯರು ಊಟವಾದ ಮೇಲೆ ಸಮ ನೀರು ಬೆರೆಸಿ ಇದನ್ನು ಸೇವಿಸುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಅದೇ ಹಿರಿಯರು ಕಂದುಗಾಜಿನ ಬಾಟಲಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು, ಕಣಕಣ ಸದ್ದಿನೊಡನೆ ಬಸ್ಸು ಹತ್ತಿದರೆ? ಪ್ಲಾಸ್ಟಿಕ್ ಬಾಟಲಿಗೆ ಸದ್ದಿಲ್ಲ, ಅಪವಾದವೂ ಇಲ್ಲ. ಮಾನವನ್ನು ಕಾಪಾಡುವ ಗುಣ ಪ್ಲಾಸ್ಟಿಕ್ಕಿಗೆ ಉಂಟೆಂದು ಒಪ್ಪಲೇಬೇಕು.

ಸಮಾಧಾನ

ದೋಷಗಳಲ್ಲಿ ಎರಡು ವಿಧ: ಪ್ರತ್ಯಕ್ಷದಿಂದ ತಿಳಿಯುವವು, ಅನುಮಾನದಿಂದ ಮಾತ್ರ ತಿಳಿಯುವವು. ಗಾಜಿನ ದೋಷ ಪೂರ್ತಿಯಾಗಿ ಮೊದಲನೆಯ ಬಗೆಯದು. ಒಡೆದರೆ ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುತ್ತದೆ, ಬರಿಗಾಲಲ್ಲಿ ಬಂದವರಿಗೆ ಸ್ಪರ್ಶಜ್ಞಾನವೂ ಆಗುತ್ತದೆ. ಪ್ಲಾಸ್ಟಿಕ್ಕಿನದು ಹಾಗಲ್ಲ. ಪೆಟ್ ತಯಾರಿಕೆಯಲ್ಲಿ ಸಾಮಾನ್ಯವಾಗಿ ಆಂಟಿಮನಿಯ ಸಂಯುಕ್ತವನ್ನು ವೇಗವರ್ಧಕವಾಗಿ ಬಳಸುತ್ತಾರೆ. ಬಾಟಲಿ ಬಿಸಿಯಲ್ಲಿ ಬಹುಕಾಲ ಕೂತಷ್ಟೂ ಅದರ ಅಂಶ ಒಳಗಿನ ದ್ರವಕ್ಕೆ ಇಳಿಯುವುದು ಹೆಚ್ಚು. ಇಳಿದದ್ದು ಎಷ್ಟು, ಅಷ್ಟಕ್ಕೆ ಹೆದರಬೇಕೇ ಎಂಬುದು ಪ್ರಯೋಗಾಲಯಕ್ಕೆ ಬಿಟ್ಟ ಮಾತು, ನಾಲಿಗೆಗಂತೂ ತಿಳಿಯದು. ಪೆಟ್ ಗೋಡೆಯ ಮೂಲಕ ಆಮ್ಲಜನಕವೂ ನಿಧಾನವಾಗಿ ಒಳಗೆ ಸುಳಿಯುತ್ತದೆ. ಗಾಳಿ ಸೋಕಿದ ಮದ್ಯಸಾರಕ್ಕೆ ಹುಳಿಯುವ ಚಪಲವುಂಟು. ಹಳತಾದಷ್ಟೂ ಗುಣ ಏರುತ್ತದೆಂದು ಶಾರ್ಙ್ಗಧರಸಂಹಿತೆ ಹೊಗಳಿದ ಆಸವಕ್ಕೆ, ವಯಸ್ಸಾಗುವ ಮೊದಲೇ ವಿನಿಗರ್ ಆಗುವ ದಾರಿ ಇದು. ಗಾಜಿನ ಗೋಡೆ ಗಾಳಿಗೆ ಜಗ್ಗುವುದಿಲ್ಲ. ಕಬ್ಬಿಣ, ಗಂಧಕ, ಇಂಗಾಲಗಳಿಂದ ಕಂದುಬಣ್ಣ ತಳೆದ ಗಾಜು ನೇರಳಾತೀತ ಬೆಳಕನ್ನೂ ಹೊರಗೇ ನಿಲ್ಲಿಸುತ್ತದೆ. ಬಸ್ಸಿನಲ್ಲಿ ಹಿರಿಯರ ಮಾನ ಕಳೆಯುವ ಬಣ್ಣವೇ ಕಪಾಟಿನಲ್ಲಿ ಔಷಧದ ಮಾನ ಕಾಯುತ್ತದೆ.

ಇನ್ನು ಹುದುಗು. ಮಡಕೆಯೊಳಗೆ ಅರಿಷ್ಟ ಪಕ್ವವಾಯಿತೋ ಇಲ್ಲವೋ ನೋಡಲು ವೈದ್ಯರು ಕಿವಿಗೊಟ್ಟು ಸೊಸೊ ಸದ್ದು ಆಲಿಸುತ್ತಾರೆ, ಬಾಯಿಯ ಬಳಿ ಉರಿಯುವ ಕಡ್ಡಿ ಹಿಡಿಯುತ್ತಾರೆ. ಕಡ್ಡಿ ಆರಿದರೆ ಇಂಗಾಲದ ಡೈಆಕ್ಸೈಡ್ ಇನ್ನೂ ಏಳುತ್ತಿದೆ, ಕಾಯಬೇಕು. ಅವಸರದಲ್ಲಿ ಬಾಟಲಿಗೆ ತುಂಬಿದರೆ ಗಾಜು ಬಿರಡೆಯನ್ನು ಸೂರಿಗೆ ಹಾರಿಸಿ ಇಡೀ ಮನೆಗೆ ಸಾರುತ್ತದೆ. ಪ್ಲಾಸ್ಟಿಕ್ಕು ಸ್ವಲ್ಪ ಊದಿಕೊಂಡು ಸುಮ್ಮನಿರುತ್ತದೆ. ಗಿರಾಕಿ, ಬಾಟಲಿ ತುಂಬಿ ಕೊಟ್ಟಿದ್ದಾರೆಂದು ಸಂತೋಷಪಡುತ್ತಾನೆ.

ಉದಾಹರಣೆ

ಹೊಗೆಯಿದ್ದಲ್ಲಿ ಬೆಂಕಿ ಎಂಬುದಕ್ಕೆ ಅಡುಗೆಮನೆ ಹೇಗೋ, ಒಡೆಯುವುದೇ ಶ್ರೇಷ್ಠ ಎಂಬುದಕ್ಕೆ ರಸಶಾಸ್ತ್ರದ ಕಾಚಕೂಪಿ ಹಾಗೆ. ಗಾಜಿನ ಈ ಬಾಟಲಿಗೆ ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿ ಒಣಗಿಸುತ್ತಾರೆ. ಒಳಗೆ ಪಾದರಸ, ಗಂಧಕಗಳ ಕಜ್ಜಲಿ ಹಾಕಿ ಮರಳು ತುಂಬಿದ ವಾಲುಕಾಯಂತ್ರದಲ್ಲಿ ಕಾಯಿಸುತ್ತಾರೆ. ರಸಸಿಂಧೂರವೆಂಬ ಔಷಧ ಬಾಟಲಿಯ ಕೊರಳಲ್ಲಿ ಕೆಂಪಗೆ ಕಟ್ಟುತ್ತದೆ. ಅದನ್ನು ತೆಗೆಯುವುದು ಹೇಗೆ? ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಬಾಟಲಿಗೆ ಸುತ್ತಿ ಹಚ್ಚಿ, ಉರಿದ ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಗಾಜು ಸೀಳುತ್ತದೆ. ಒಡೆಯದ ಬಾಟಲಿಯಿಂದ ಆ ಔಷಧ ಲೋಕಕ್ಕೆ ಬರುವುದೇ ಇಲ್ಲ. ಇದೇ ಪ್ರಯೋಗವನ್ನು ಪೆಟ್ ಬಾಟಲಿಯಲ್ಲಿ ಮಾಡಲು ಆಸಕ್ತಿಯುಳ್ಳ ಸಂಶೋಧಕರು ಮೊದಲು ಅಗ್ನಿಶಾಮಕ ದಳಕ್ಕೆ ಅರ್ಜಿ ಹಾಕುವುದು.

ಉಪನಯ

ಸರ್ಕಾರವೂ ಈ ವಿಷಯದಲ್ಲಿ ಚಿಂತಿಸಿದ್ದುಂಟು. 2014ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಕರಡು ಹೊರಡಿಸಿ, ಮಕ್ಕಳಿಗೆ, ವೃದ್ಧರಿಗೆ, ಹೆರುವ ವಯಸ್ಸಿನ ಹೆಂಗಸರಿಗೆ ಕೊಡುವ ದ್ರವೌಷಧಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಬಾರದೆಂದು ಪ್ರಸ್ತಾಪಿಸಿತು. ನಡುವಯಸ್ಸಿನ ಗಂಡಸರ ಹೆಸರಿರಲಿಲ್ಲ. ಅವರು ಹೇಗೂ ಹಾಳಾದವರೆಂದು ಸಚಿವಾಲಯ ಭಾವಿಸಿರಬೇಕು. ಮುಂದೆ ಇದನ್ನು ಪರಿಶೀಲಿಸಿದ ಎಂ.ಕೆ. ಭಾನ್ ಅವರ ಸಮಿತಿ, ಪೆಟ್‌ನಿಂದ ಹಾನಿಯೆಂಬುದಕ್ಕೆ ನಿರ್ಣಾಯಕ ಪುರಾವೆ ಇಲ್ಲವೆಂದಿತು. ಇದರಿಂದ ನಮ್ಮ ವಾದಕ್ಕೆ ಕುಂದಿಲ್ಲ, ಬದಲಿಗೆ ಬಲವೇ ಬಂತು: ಪ್ಲಾಸ್ಟಿಕ್ಕಿನ ತಪ್ಪು ಹಿಡಿಯಲು ಸಮಿತಿ ಬೇಕು, ಸಮಿತಿಗೂ ಸಿಕ್ಕದೆ ಹೋಗಬಹುದು; ಗಾಜಿನ ತಪ್ಪು ಹಿಡಿಯಲು ಕಸಗುಡಿಸುವ ಪೊರಕೆ ಸಾಕು. ಕಂಡ ತಪ್ಪಿಗೆ ಬೈದು, ಕಾಣದ ತಪ್ಪಿಗೆ ಸಲಾಮು ಹೊಡೆಯುವ ನಮ್ಮ ಲೋಕರೂಢಿ ಬಾಟಲಿಗಳಿಗಷ್ಟೇ ಸೀಮಿತವಲ್ಲ ಎಂಬುದು ಇಲ್ಲಿ ಅಪ್ರಸ್ತುತ, ಆದ್ದರಿಂದ ಬರೆದಿಡಲಾಗಿದೆ.

ನಿಗಮನ

ಆದ್ದರಿಂದ ಅರಿಷ್ಟದ ಬಾಟಲಿ ಗಾಜಿನದೇ ಆಗತಕ್ಕದ್ದು. ಉಳಿದಿರುವುದು ಒಂದೇ ಪ್ರಶ್ನೆ: ಒಡೆದ ಬಾಟಲಿಯ ದುಡ್ಡು ಯಾರ ಲೆಕ್ಕಕ್ಕೆ? ಈ ಬಗ್ಗೆ ಚರಕ, ಶಾರ್ಙ್ಗಧರ ಇಬ್ಬರೂ ಮಾತಾಡುವುದಿಲ್ಲ. ಶಾಸ್ತ್ರ ಸುಮ್ಮನಿದ್ದಲ್ಲಿ ಪೇಟೆಯ ರೂಢಿಯೇ ಪ್ರಮಾಣವಾದ್ದರಿಂದ ಶೆಟ್ಟರ ತೀರ್ಪನ್ನು ಸಿದ್ಧಾಂತವಾಗಿ ಸ್ವೀಕರಿಸಲಾಗಿದೆ: ಕಟ್ಟೆಯ ಮೇಲಿರುವ ತನಕ ಅಂಗಡಿಯವರದು, ಕೈಗೆ ತಗೊಂಡ ಮೇಲೆ ಸ್ವಾಮಿಗಳದು.