ಓಓಡಿ ಮೇಲೆ ಬಂದವರು

ಎಂಟು-ಹತ್ತು ದಿನದ ಕೆಲಸಕ್ಕೆಂದು ಕಲಬುರಗಿಗೆ ಬಂದು, ಮರಳುವ ಹೊತ್ತಿಗೆ ಅರ್ಧ ಊರನ್ನು ಗೆಳೆಯರೆಂದು ಹೇಳಿಕೊಳ್ಳುವ ಸರಕಾರಿ ನೌಕರರಿಗೆ ಓಓಡಿಯವರು, ಅಂದರೆ ಕಚೇರಿ ಕೆಲಸದ ನಿಮಿತ್ತ ಬೇರೆ ಊರಿಗೆ ಬಂದವರು, ಎಂದು ಹೆಸರು. ಮೂಲ ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ. ವಯಸ್ಸು ನಲವತ್ತೈದರ ಮೇಲೆ. ಬರುವ ಕಾರಣ ಆಡಿಟ್, ಮೌಲ್ಯಮಾಪನ, ತರಬೇತಿ ಅಥವಾ ಕೋರ್ಟಿನ ಕಡತ. ಇಂಥವರಿಗೆ ಕಲಬುರಗಿಯಲ್ಲಿ ಎಂದೂ ಬರಗಾಲವಿಲ್ಲ. ಊರು ಕಂದಾಯ ವಿಭಾಗದ ಕೇಂದ್ರ; 1980ರಿಂದ ವಿಶ್ವವಿದ್ಯಾಲಯವಿದೆ; 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಪೀಠವಾಯಿತು. ಕಡತ ಇದ್ದ ಮೇಲೆ ಅದನ್ನು ಬಿಚ್ಚಿ ನೋಡಲು ಯಾರಾದರೂ ಬರಲೇಬೇಕು. ತಾವಾಗಿಯೇ ಕೇಳಿಕೊಂಡು ಬಂದವರು ಮಾತ್ರ ವಿರಳ.

ಹೊರಡುವ ಮುನ್ನ ಇವರಿಗೆ ಊರಿನ ಬಗ್ಗೆ ಮೂರು ಸಂಗತಿ ಗೊತ್ತಿರುತ್ತವೆ: ಬಿಸಿಲು, ಬಿಸಿಲು ಮತ್ತು ನೀರು. ಮೂರನ್ನೂ ಹೇಳಿಕೊಟ್ಟವರು ಕಲಬುರಗಿಯನ್ನು ರೈಲಿನ ಕಿಟಕಿಯಿಂದ ನೋಡಿದವರು. ಹೀಗಾಗಿ ಚೀಲದಲ್ಲಿ ಓಆರ್‌ಎಸ್ ಪುಡಿ, ಎರಡು ಟೋಪಿ, ಪುಳಿಯೋಗರೆ ಗೊಜ್ಜಿನ ಬಾಟಲಿ ಕಡ್ಡಾಯ. ಗೊಜ್ಜನ್ನು ಯಾರೂ ತೆರೆದದ್ದಿಲ್ಲ. ಹೋದ ಹಾಗೆಯೇ ವಾಪಸು ಬರುತ್ತದೆ.

ಮೊದಲ ದಿನ ಓಓಡಿಯವರು ಲಾಡ್ಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಮನೆಗೆ ಫೋನ್ ಮಾಡುತ್ತಾರೆ. ಸಂಜೆಗೆ ಚಹಾ ಬೇಕೆನಿಸಿ ಸೂಪರ್ ಮಾರ್ಕೆಟ್ ಕಡೆಗೋ ಜಗತ್ ಸರ್ಕಲ್ ಕಡೆಗೋ ಇಳಿಯುತ್ತಾರೆ. ಗ್ಲಾಸು ತುಟಿಗೆ ತಾಗುವ ಮೊದಲೇ ಪಕ್ಕದವರ ಪ್ರಶ್ನೆ ಬರುತ್ತದೆ: ‘ಯಾವ ಕಡಿಯವ್ರು ರೀ ನೀವು?’ ಬೆಂಗಳೂರಿನಲ್ಲಿ ಇದನ್ನು ಕೇಳಿದವರನ್ನು ಅನುಮಾನದಿಂದ ನೋಡಿ ಅಭ್ಯಾಸವಾದವರು ಚುಟುಕಾಗಿ ಉತ್ತರಿಸುತ್ತಾರೆ. ಎರಡನೇ ಪ್ರಶ್ನೆ ಇಲಾಖೆ ಯಾವುದೆಂದು. ಮೂರನೆಯದು ಪ್ರಶ್ನೆಯೇ ಅಲ್ಲ: ಆ ಇಲಾಖೆಯಲ್ಲಿ ಕೇಳಿದವರ ಅಳಿಯನೋ ಅಣ್ಣನ ಮಗನೋ ಇದ್ದಾನೆ ಎಂಬ ಪ್ರಕಟಣೆ. ಅಷ್ಟಕ್ಕೆ ಪರಿಚಯ ಮುಗಿದು ಸಂಬಂಧ ಶುರುವಾಗುತ್ತದೆ. ಕಿಸೆಗೆ ಕೈ ಹಾಕಿದರೆ, ‘ರೊಕ್ಕ ಒಳಗಿಡ್ರಿ ಸರಾ, ನಮ್ಮೂರಿಗಿ ಬಂದೀರಿ.’ ಚಹಾದ ದುಡ್ಡು ಕೊಡುವ ಅವಕಾಶ ಹೊರಡುವ ದಿನದವರೆಗೂ ಸಿಗುವುದಿಲ್ಲ.

ಈ ಉತ್ಸಾಹಕ್ಕೆ ಹಿನ್ನೆಲೆಯಿದೆ. ಕಲಬುರಗಿಗೆ ವರ್ಗವೆಂದರೆ ಶಿಕ್ಷೆ ಎಂಬ ಮಾತು ಸಚಿವಾಲಯದ ಮೊಗಸಾಲೆಗಳಲ್ಲಿ ಬಹಳ ಕಾಲ ಓಡಾಡಿದೆ, ಅದು ಊರಿನವರ ಕಿವಿಗೂ ಬಿದ್ದಿದೆ. ಬಂದವರ ತಲೆಯಿಂದ ಅದನ್ನು ತೆಗೆಯುವುದು ಇಲ್ಲಿ ಪ್ರತಿಯೊಬ್ಬರೂ ತಾವಾಗಿ ಹೊತ್ತುಕೊಂಡ ಕೆಲಸ. ‘ಬಿಸಿಲ ಭಾಳ ಅದ ಅಂತ ಹೆದರ್ಸ್ಯಾರೇನ್ರಿ ನಿಮಗ?’ ಎಂದು ನಗುತ್ತಲೇ ಕೇಳುತ್ತಾರೆ, ನಲವತ್ತೆರಡು ಡಿಗ್ರಿಯಲ್ಲಿ. ಹೊರಗಿನವರ ಜೊತೆ ಬದುಕಿ ಊರಿಗೆ ಅಭ್ಯಾಸವೂ ಇದೆ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದಂದಿನಿಂದ ಪರದೇಶದವರು ಬಂದದ್ದೇ ಬಂದದ್ದು. 1948ರವರೆಗೆ ನಿಜಾಮರ ಆಳ್ವಿಕೆ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಊರಿನ ಅತಿ ದೊಡ್ಡ ಪರವೂರಿನವರೆಂದರೆ ಖ್ವಾಜಾ ಬಂದೇನವಾಜರು: ದಿಲ್ಲಿಯನ್ನು ಬಿಟ್ಟು ಮುಪ್ಪಿನಲ್ಲಿ ಬಂದವರು, 1422ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಉಳಿದರು. ಅವರಿಗೆ ಟಿಎ ಬಿಲ್ಲಿನ ಗಡಿಬಿಡಿ ಇರಲಿಲ್ಲ.

ಎರಡನೇ ಹಂತ ಕಚೇರಿಯದು. ಆಡಿಟಿಗೆ ಬಂದವರು ಯಾರ ಮನೆಯಲ್ಲೂ ಉಣ್ಣಬಾರದೆಂಬ ನಿಯಮವನ್ನು ಓಓಡಿಯವರು ಮೊದಲೆರಡು ದಿನ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಮೂರನೇ ದಿನ ಮಧ್ಯಾಹ್ನ ಗುಮಾಸ್ತರ ಬುತ್ತಿ ಬಿಚ್ಚಿಕೊಳ್ಳುತ್ತದೆ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಎಣ್ಣೆಗಾಯಿ, ಕೆನೆಮೊಸರು. ಕಚೇರಿಯಲ್ಲಿ ಉಂಡದ್ದು ಮನೆಯಲ್ಲಿ ಉಂಡ ಲೆಕ್ಕಕ್ಕೆ ಬರುವುದಿಲ್ಲ ಎಂಬ ವ್ಯಾಖ್ಯಾನ ಆಗ ಹೊಳೆಯುತ್ತದೆ. ನಾಲ್ಕನೇ ದಿನ ಊಟ ಗುಮಾಸ್ತರ ಮನೆಯಲ್ಲೇ. ಅಲ್ಲಿ ‘ಸಾಕು’ ಎಂಬ ಮಾತಿಗೆ ಬೆಲೆಯಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದರೆ ರೊಟ್ಟಿ ಕೈಮೇಲೆಯೇ ಬೀಳುತ್ತದೆ. ಅನ್ನ ಯಾವಾಗ ಬರುತ್ತದೆಂದು ದಕ್ಷಿಣದವರ ಕಣ್ಣು ಅಡುಗೆಮನೆಯ ಬಾಗಿಲಲ್ಲಿ. ಅದು ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವಿಲ್ಲ. ಆಡಿಟ್ ಪ್ಯಾರಾಗಳ ಸಂಖ್ಯೆ ಇದರಿಂದ ಕಡಿಮೆಯಾಗುವುದಿಲ್ಲ ಎಂಬುದನ್ನು ಇವರ ಗೌರವಕ್ಕಾಗಿ ಹೇಳಲೇಬೇಕು. ಭಾಷೆ ಮಾತ್ರ ಬದಲಾಗುತ್ತದೆ: ‘ಗಂಭೀರ ಲೋಪ’ ಇದ್ದಲ್ಲಿ ‘ವಿವರಣೆ ಕೋರಲಾಗಿದೆ’ ಎಂದಾಗುತ್ತದೆ.

ಮಹಿಳಾ ಅಧಿಕಾರಿಗಳು ಈ ಹಂತಗಳನ್ನು ಒಂದೇ ದಿನದಲ್ಲಿ ದಾಟುತ್ತಾರೆ. ಸಂಜೆಯೊಳಗೆ ಅಡುಗೆಮನೆಯಲ್ಲಿ ಮಣೆ ಹಾಕಿಸಿಕೊಂಡು, ಆ ಮನೆಯ ಎರಡು ತಲೆಮಾರಿನ ಮದುವೆ-ಮುನಿಸುಗಳನ್ನು ತಿಳಿದುಕೊಂಡಿರುತ್ತಾರೆ. ಜೊತೆಗೆ ಬಂದ ಗಂಡಸರಿಗೆ ಅಷ್ಟರಲ್ಲಿ ಜಗತ್ ಸರ್ಕಲ್ಲಿನ ದಾರಿಯೂ ಸರಿಯಾಗಿ ಗೊತ್ತಿರುವುದಿಲ್ಲ.

ಊರು ತೋರಿಸುವ ಪದ್ಧತಿಯೂ ಗಮನಾರ್ಹ. ಪ್ರತಿಯೊಂದು ಗೆಳೆಯರ ಗುಂಪೂ ಓಓಡಿಯವರನ್ನು ಪ್ರತ್ಯೇಕವಾಗಿ ಬುದ್ಧ ವಿಹಾರಕ್ಕೆ ಕರೆದೊಯ್ಯುತ್ತದೆ. ನೋಡಿಯಾಯಿತು ಎನ್ನುವುದು ಅಪರಾಧ, ಏಕೆಂದರೆ ಯಾರ ಜೊತೆ ನೋಡಿದಿರಿ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಮೂರನೇ ಸಲವೂ ಅಷ್ಟೇ ಬೆರಗಿನಿಂದ ಬಾಯಿ ತೆರೆಯಬೇಕು. ಶರಣಬಸವೇಶ್ವರ ಗುಡಿ, ಅದರ ಮಗ್ಗುಲಿನ ಅಪ್ಪನ ಕೆರೆ, ದರ್ಗಾ ಎಲ್ಲಕ್ಕೂ ಇದೇ ನಿಯಮ. ಕೋಟೆಯ ವಿಷಯ ಬೇರೆ. ಅದರೊಳಗಿನ 1367ರ ಜಾಮಿ ಮಸೀದಿಗೆ ಭಾರತದ ಬೇರೆ ದೊಡ್ಡ ಮಸೀದಿಗಳಲ್ಲಿರುವಂಥ ತೆರೆದ ಅಂಗಳವಿಲ್ಲ, ಇಡೀ ಮಸೀದಿಯ ಮೇಲೆ ಚಾವಣಿಯಿದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ತೋರಿಸಲು ಬಂದ ಗೆಳೆಯರು ಮಾತ್ರ ಶಾಲೆಯ ಪ್ರವಾಸದ ನಂತರ ಈಗಲೇ ಒಳಗೆ ಕಾಲಿಟ್ಟವರು. ಕಂಬ ಎಷ್ಟೆಂದು ಕೇಳಿದರೆ, ‘ಭಾಳ ಅವ ರೀ’ ಎನ್ನುತ್ತಾರೆ.

ಗೆಳೆತನ ಗಟ್ಟಿಯಾಗುವುದು ಭಾನುವಾರ, ಕಮಲಾಪುರದಲ್ಲಿ. ಹುಮನಾಬಾದ್ ರಸ್ತೆಯ ಮೇಲಿನ ಈ ಊರು ಮೊದಲು ಕಲಬುರಗಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. 2017ರಲ್ಲಿ ಪೂರ್ಣಗೊಂಡ ಬೀದರ್ ರೈಲು ಮಾರ್ಗವೂ ಈ ಕಡೆಯಿಂದಲೇ ಹಾದುಹೋಗುತ್ತದೆ. ಕಲಬುರಗಿಯ ಯಾವ ಗೆಳೆಯರನ್ನು ಕೇಳಿದರೂ ಅದು ಅವರ ಬೀಗರ ಊರಾಗಿರುತ್ತದೆ. ಹೆಸರಾಗಿರುವುದು ಅಲ್ಲಿಯ ಕೆಂಬಾಳೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಕೊಯ್ಲಿಗೆ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಹಿಡಿಯುವುದರಿಂದ ಬೆಲೆಯೂ ಹೆಚ್ಚು. ಓಓಡಿಯವರು ತೋಟದ ಬದುವಿನ ಮೇಲೆ ನಿಂತು, ‘ನಮ್ಮ ಕಡೆ ಚಂದ್ರಬಾಳೆ ಅಂತ ಇಂಥದ್ದೇ ಸಿಗುತ್ತೆ’ ಎಂದುಬಿಡುತ್ತಾರೆ. ಎಲ್ಲರೂ ಮಾಡುವ ತಪ್ಪಿದು. ತೋಟದ ಮಾಲಕರು ವಾದಿಸುವುದಿಲ್ಲ. ಒಂದು ಹಣ್ಣು ಸುಲಿದು ಕೈಗಿಡುತ್ತಾರೆ: ‘ಮದಲ ತಿನ್ರಿ, ಆಮ್ಯಾಲ ಮಾತಾಡ್ರಿ.’ ತಿಂದ ಮೇಲೆ ಯಾರೂ ಮಾತಾಡಿಲ್ಲ.

ಒಂದು ಡಜನ್ ಕೊಳ್ಳಬೇಕೆಂದು ಹೋದವರು ಇಡೀ ಗೊನೆ ಹೊತ್ತು ಮರಳುತ್ತಾರೆ, ಬಿಡಿಗಾಸು ಕೊಡದೆ. ಬೀಗರ ಕಡೆಯಿಂದ ಬಂದವರಿಗೆ ಮಾರುವುದುಂಟೇ? ಗೊನೆಯನ್ನು ಲಾಡ್ಜಿನ ಕೋಣೆಯಲ್ಲಿ ನೇತುಹಾಕುವ ಅನುಕೂಲ ಇರುವುದಿಲ್ಲ. ಕುರ್ಚಿಯನ್ನು ಅದಕ್ಕೆ ಬಿಟ್ಟುಕೊಟ್ಟು ತಾವು ಮಂಚದ ತುದಿಯಲ್ಲಿ ಕೂರುತ್ತಾರೆ. ಆ ಸೆಕೆಗೆ ಎರಡೇ ದಿನದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಮಾಗುತ್ತವೆ. ಒಬ್ಬರು ಎಷ್ಟು ತಿಂದಾರು? ಲಾಡ್ಜಿನ ಹುಡುಗನಿಗೆ ನಾಲ್ಕು, ಪಕ್ಕದ ಕೋಣೆಯ ಔಷಧ ಕಂಪನಿಯವರಿಗೆ ನಾಲ್ಕು, ಆಟೋದವರಿಗೆ, ಇಸ್ತ್ರಿಯವರಿಗೆ, ಕಚೇರಿಯ ಜವಾನರಿಗೆ. ಇದುವರೆಗೆ ಬರೀ ಪಡೆದವರು ಈಗ ಮೊದಲ ಬಾರಿ ಕೊಡುವವರಾಗುತ್ತಾರೆ, ಅದೂ ಕಲಬುರಗಿಯವರಿಗೆ ಕಲಬುರಗಿ ಜಿಲ್ಲೆಯದೇ ಹಣ್ಣನ್ನು. ತಮ್ಮ ಸ್ವಭಾವವೇ ಸ್ನೇಹಪರವಾದದ್ದು ಎಂಬ ನಂಬಿಕೆ ಹುಟ್ಟುವುದು ಈ ಹಂಚಿಕೆಯ ನಂತರ.

ಬೀಳ್ಕೊಡುಗೆ ಸ್ಟೇಷನ್ನಿನಲ್ಲಿ. ಖಡಕ್ ರೊಟ್ಟಿಯ ಕಟ್ಟು, ಹಿಂಡಿಯ ಡಬ್ಬಿ, 2019ರಲ್ಲಿ ಭೌಗೋಳಿಕ ಸೂಚಿ ಪಡೆದ ತೊಗರಿಯ ಬೇಳೆ ಐದು ಕಿಲೋ. ಬರುವಾಗ ಒಂದಿದ್ದ ಚೀಲ ಹೋಗುವಾಗ ನಾಲ್ಕು. ಮೊಬೈಲಿನಲ್ಲಿ ‘ಗುಲ್ಬರ್ಗ ಚಹಾ ಕಾಕಾ’, ‘ಗುಲ್ಬರ್ಗ ರೊಟ್ಟಿ’, ‘ಕಮಲಾಪುರ ಬಾಳೆ’ ಎಂಬ ಹೊಸ ಹೆಸರುಗಳು. ಊರಿಗೆ ಮರಳಿದ ಮೇಲೆ ಓಓಡಿಯವರು ಕಲಬುರಗಿಯ ವಿಷಯದಲ್ಲಿ ತಜ್ಞರು. ಅಲ್ಲಿಯ ಬಿಸಿಲನ್ನು ಯಾರಾದರೂ ಆಡಿಕೊಂಡರೆ, ‘ಒಣ ಬಿಸಿಲು ಕಣ್ರೀ, ಬೆವರೇ ಬರಲ್ಲ’ ಎಂದು ಗದರುತ್ತಾರೆ.

ಕೆಲವು ತಿಂಗಳ ನಂತರ ಚಹಾ ಕಾಕಾನ ಫೋನ್ ಬರುತ್ತದೆ. ‘ಸರಾ, ನಮ್ಮ ತಂಗಿ ಮಗ ಪರೀಕ್ಷಾ ಬರೀಲಾಕ ಬೆಂಗಳೂರಿಗಿ ಬರ್ಲತ್ತಾನ. ಅವಂಗ ಅಲ್ಲಿ ಯಾರೂ ಗೊತ್ತಿಲ್ರಿ.’ ಓಓಡಿಯವರು ಸ್ಟೇಷನ್ನಿಗೆ ಹೋಗಿ ಕರೆತರುತ್ತಾರೆ, ಅನ್ನ-ಸಾರು ಬಡಿಸುತ್ತಾರೆ, ಲಾಲ್‌ಬಾಗ್ ತೋರಿಸುತ್ತಾರೆ. ಮೂರನೇ ದಿನ ಬೆಳಿಗ್ಗೆ ಹುಡುಗ ಎದುರುಮನೆಯವರ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿರುತ್ತಾನೆ. ಅವರ ಮಗಳನ್ನು ರಾಯಚೂರಿಗೆ ಕೊಟ್ಟಿದ್ದಾರಂತೆ. ಹನ್ನೆರಡು ವರ್ಷ ಎದುರಿಗಿದ್ದೂ ಓಓಡಿಯವರಿಗೆ ಅದು ತಿಳಿದಿರಲಿಲ್ಲ. ಹುಡುಗ ಪರೀಕ್ಷೆ ಮುಗಿಸಿ ಹೋದ ಮೇಲೆ ಮೂಲೆಯ ಬೇಕರಿಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್, ತರಕಾರಿ ಗಾಡಿಯವರು ಇವರನ್ನು ತಡೆದು ನಿಲ್ಲಿಸಿ ವಿಚಾರಿಸತೊಡಗುತ್ತಾರೆ: ಆ ಹುಡುಗ ಮತ್ತೆ ಯಾವಾಗ ಬರ್ತಾನೆ ಸಾರ್, ರಿಸಲ್ಟ್ ಬಂತಾ?