ದೇಹಕ್ಕೆ ಸೇರದ ಹಲ್ಲು

(ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದುತ್ತಿರುವ ದಾವಣಗೆರೆ ಹುಡುಗನ ಬಲ ಕೆಳದವಡೆಯ ತುದಿಯಲ್ಲಿ ವಸಡು ಸೀಳಿಕೊಂಡು ಅಡ್ಡಡ್ಡ ಮೊಳೆಯುತ್ತಿರುವ ಬುದ್ಧಿಹಲ್ಲು ನಮ್ಮ ಪತ್ರಿಕೆಗೆ ನೀಡಿದ ಸಂದರ್ಶನವಿದು. ಹುಡುಗ ಲವಂಗ ಕಚ್ಚಿಕೊಂಡು ನಿದ್ದೆಹೋಗಿದ್ದ. ಬಾಯಿ ಅರೆತೆರೆದಿತ್ತು.)

ನಾವು: ನಮಸ್ಕಾರ ಬುದ್ಧಿ. ಹೇಗಿದ್ದೀರಿ?

ಹಲ್ಲು: ಊದಿಕೊಂಡು ಕೂತಿದ್ದೀನಿ, ಕಾಣಿಸ್ತಿಲ್ವಾ?

ನಾವು: ನಿಮ್ಮ ಯಜಮಾನರಿಗೆ ಆರೋಗ್ಯ ವಿಮೆ ಇದೆಯಲ್ಲ? ಫೀಸಿನ ಜತೆ 2,000 ಡಾಲರಿಗೂ ಮೇಲೆ ಕಟ್ಟಿದ್ದಾರಂತೆ.

ಹಲ್ಲು: ಕಟ್ಟಿದ್ದಾನೆ, ದೇಹಕ್ಕೆ. ನಾನು ದೇಹಕ್ಕೆ ಸೇರಿಲ್ಲ. ಅಮೆರಿಕದಲ್ಲಿ ಹಲ್ಲು ಬೇರೆ, ಕಣ್ಣು ಬೇರೆ, ಮಿಕ್ಕ ಮನುಷ್ಯ ಬೇರೆ. ಇದು ಹಳೇ ದಾಯಾದಿ ಜಗಳ ಸ್ವಾಮಿ. 1840ರಲ್ಲಿ ಬಾಲ್ಟಿಮೋರಿನಲ್ಲಿ ಹಲ್ಲಿನ ವೈದ್ಯಕ್ಕೆಂದೇ ಪ್ರತ್ಯೇಕ ಕಾಲೇಜು ತೆರೆದರು, ಜಗತ್ತಿಗೇ ಮೊದಲನೆಯದು. ಅವತ್ತು ಬೇರೆಯಾದ ಒಲೆ ಮತ್ತೆ ಒಂದಾಗಲಿಲ್ಲ. 1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ತಂದಾಗ ಸಾಮಾನ್ಯ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟರು. ಹಲ್ಲು ಉದುರುವ ಕಾಲದವರಿಗೇ ಹೀಗೆ! 2010ರ ಒಬಾಮ ಕಾಲದ ಆರೋಗ್ಯ ವಿಮೆ ಕಾನೂನು ಮಕ್ಕಳ ಹಲ್ಲಿನ ಕೈ ಹಿಡಿಯಿತು, ದೊಡ್ಡವರದ್ದನ್ನು ಬಿಟ್ಟಿತು. ನಾನು ಮೊಳೆತದ್ದು ಇವನ 22ನೇ ವಯಸ್ಸಿನಲ್ಲಿ. ಬುದ್ಧಿ ಬರುವ ಹೊತ್ತಿಗೆ ವಿಮೆ ಎದ್ದುಹೋಗಿತ್ತು.

ನಾವು: ಹಲ್ಲಿಗೆ ಏನೂ ಕೊಡುವುದೇ ಇಲ್ಲವೇ?

ಹಲ್ಲು: ಅಪಘಾತವಾದರೆ ಕೊಡ್ತಾರೆ. ಎಷ್ಟೋ ಪಾಲಿಸಿಗಳಲ್ಲಿ, ಗಟ್ಟಿಯಾಗಿದ್ದ ಹಲ್ಲು ಚೆಂಡು ಬಡಿದು ಮುರಿದರೆ ಹಣ ಉಂಟು. ಚಕ್ಕುಲಿ ಅಗಿಯುವಾಗ ಮುರಿದರೆ ಇಲ್ಲ, ಅಗಿಯುವುದು ಅಪಘಾತವಲ್ಲವಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ ಅಂತ ನಮ್ಮ ಹಿರಿಯರು ಕೊರಗಿದರು. ಇಲ್ಲಿ ಎರಡೂ ಇವೆ, ಕಚ್ಚುವ ಧೈರ್ಯ ಇಲ್ಲ. ಕೆಲವು ಪಾಲಿಸಿಗಳು ನನ್ನಂಥ ಅಡ್ಡಹಲ್ಲು ಕೀಳಿಸಲೂ ಕೊಡುತ್ತವೆ. ಇವನದ್ದು ಕೊಡಲ್ಲ. ಅದು ಪಾಲಿಸಿಯಲ್ಲೇ ಬರೆದಿದೆ. ಇವನು ಓದಿದ್ದು ಕಂತು ಎಷ್ಟು ಅನ್ನೋ ಒಂದು ಸಾಲು.

ನಾವು: ಊರಿನಿಂದಲೇ ಅಗ್ಗದ ಪಾಲಿಸಿ ತರಬಹುದಿತ್ತಲ್ಲ?

ಹಲ್ಲು: ತಂದಿದ್ದ. ಅವರಪ್ಪ ಏಜೆಂಟರಿಗೆ ಹೇಳಿ ಮಾಡಿಸಿ, ಫೈಲಿಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದ್ದರು. ಬಂದು ನೋಡಿದರೆ ವಿಶ್ವವಿದ್ಯಾಲಯದವರು ಕೇಳದೇ ಕರೆಯದೇ ತಮ್ಮ ಪಾಲಿಸಿಯನ್ನು ಫೀಸಿಗೆ ಸೇರಿಸಿಬಿಟ್ಟಿದ್ದಾರೆ. ಬೇಡ ಅನ್ನೋದಕ್ಕೆ ವೇವರ್ ಫಾರ್ಮ್ ಅಂತೊಂದಿದೆ. ನಿನ್ನದು ನಮ್ಮದಕ್ಕೆ ಸರಿಸಮ ಅಂತ ತೋರಿಸು ಅಂತಾರೆ. ಬರುವ ಮೊದಲೇ ಇದ್ದ ಕಾಯಿಲೆಗೆ ಕೊಡುತ್ತದಾ? ಮಾನಸಿಕ ಚಿಕಿತ್ಸೆಗೆ? ಈ ಊರಿನ ಆಸ್ಪತ್ರೆ ಅದರ ನೆಟ್‌ವರ್ಕಿನಲ್ಲಿದೆಯಾ? ಮೂರಕ್ಕೂ ಇವನದ್ದು ತಲೆತಗ್ಗಿಸಿತು. ಅರ್ಜಿ ವಜಾ. ಈಗ ಎರಡೆರಡು ವಿಮೆ. ಎರಡರಲ್ಲೂ ನಾನಿಲ್ಲ.

ನಾವು: ಇದಕ್ಕೆಲ್ಲ ಅಲ್ಲಿನ ಸರ್ಕಾರದ ನಿಯಮ?

ಹಲ್ಲು: ಇವನದ್ದು ಎಫ್-1 ವೀಸಾ. ಅದಕ್ಕೆ ಕೇಂದ್ರ ಸರ್ಕಾರದ ಕಡ್ಡಾಯ ಏನೂ ಇಲ್ಲ, ವಿಶ್ವವಿದ್ಯಾಲಯ ಹೇಳಿದ್ದೇ ಕಾನೂನು. ವಿನಿಮಯ ಕಾರ್ಯಕ್ರಮದಲ್ಲಿ ಜೆ-1 ವೀಸಾ ಹಿಡಿದು ಬರುವವರಿಗೆ ಮಾತ್ರ ಸರ್ಕಾರವೇ ಲೆಕ್ಕ ಬರೆದಿಟ್ಟಿದೆ. ಒಂದು ಕಾಯಿಲೆಗೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್, ಸತ್ತರೆ ಹೆಣ ಊರಿಗೆ ಕಳಿಸಲು 25,000 ಡಾಲರ್. ಗಮನಿಸಿದಿರಾ? ಹೆಣದ ಬಾಯಲ್ಲಿ ಹಲ್ಲೂ ಊರಿಗೆ ಹೋಗುತ್ತೆ. ಹಲ್ಲಿಗೂ ವಿಮೆ ಸಿಗೋದು ಅವತ್ತೇ.

ನಾವು: ಛೆ ಛೆ, ಬಿಡ್ತು ಅನ್ನಿ! ಉಳಿದ ದೇಹವಾದರೂ ಸುಖವಾಗಿದೆಯೇ?

ಹಲ್ಲು: ಪಾದವನ್ನು ಕೇಳಿ. ಕ್ರಿಕೆಟ್ ಆಡುವಾಗ ಉಳುಕಿತು. ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೋ ಅರ್ಜೆಂಟ್ ಕೇರಿಗೋ ಹೋಗಿದ್ದರೆ ಕಡಿಮೆಯಲ್ಲಿ ಮುಗೀತಿತ್ತು. ಗೆಳೆಯರು ಹೆದರಿ ಎಮರ್ಜೆನ್ಸಿಗೆ ಹೊತ್ತರು. 1986ರ ಕಾನೂನಿನಂತೆ ಎಮರ್ಜೆನ್ಸಿಯವರು ದುಡ್ಡಿಲ್ಲ ಅಂತ ಯಾರನ್ನೂ ಹಾಗೇ ವಾಪಸು ಕಳಿಸುವಂತಿಲ್ಲ; ಬಿಲ್ ಕಳಿಸಬಹುದು. ಮೊದಲು ವಿಮೆ ಕಂಪನಿಯಿಂದ ಒಂದು ಕಾಗದ ಬಂತು. ಮೇಲೇ ‘ಇದು ಬಿಲ್ ಅಲ್ಲ’ ಅಂತ ಬರೆದಿತ್ತು. ಹುಡುಗ ಖುಷಿಯಿಂದ ಚಿತ್ರಾನ್ನ ಕಲಸಿ ತಿಂದ. ಆಮೇಲೆ ಬಿಲ್ ಬಂತು. ಡಿಡಕ್ಟಿಬಲ್ ಅನ್ನುವ ಮೊದಲ ಗಂಟು ಪೂರ್ತಿ ಇವನದೇ, ಅದು ಮುಗಿದ ಮೇಲೂ ನೂರಕ್ಕೆ 20 ಇವನದು. ‘ವಿಮೆ ಇದೆಯಲ್ಲಪ್ಪಾ, ಮತ್ತೆ ದುಡ್ಡು ಯಾಕೆ?’ ಅಂತ ಅವರಮ್ಮ ಫೋನಿನಲ್ಲಿ ಕೇಳಿದರು. ಡೇಟಾ ಸೈನ್ಸ್ ಓದುವ ಹುಡುಗ, ಬಾಯಿ ಬಿಡಲಿಲ್ಲ. ನನಗೂ ಅವತ್ತು ಕತ್ತಲೆ.

ನಾವು: ಹಲ್ಲಿಗೆ ಬೇರೆ ವಿಮೆ ಮಾಡಿಸಬಹುದಲ್ಲ?

ಹಲ್ಲು: ಉಂಟು. ಆದರೆ ದೊಡ್ಡ ಚಿಕಿತ್ಸೆಗೆ ಆರು ತಿಂಗಳೋ ವರ್ಷವೋ ಕಾಯಿರಿ ಅಂತಾರೆ. ನಾನು ಕಾಯುವ ಪೈಕಿಯಾ? ಡೆಂಟಲ್ ಕಾಲೇಜುಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಕಡಿಮೆ ದರಕ್ಕೆ ಕೀಳುತ್ತಾರೆ. ಯಜಮಾನನಿಗೆ ಭಯ. ಡಿಸೆಂಬರ್ ರಜಕ್ಕೆ ಊರಿಗೆ ಹೋಗಿ ಕೀಳಿಸಿಕೊಳ್ತಾನಂತೆ. ದಾವಣಗೆರೆಯಲ್ಲಿ ಒಂದಲ್ಲ, ಎರಡು ಡೆಂಟಲ್ ಕಾಲೇಜುಗಳಿವೆ ಸ್ವಾಮಿ!

ನಾವು: ಆಗಸ್ಟಿನಲ್ಲಿ ಅಮೆರಿಕಕ್ಕೆ ಹೊರಡುವವರಿಗೆ ಏನು ಹೇಳುತ್ತೀರಿ?

ಹಲ್ಲು: ವಿಮಾನ ಹತ್ತುವ ಮೊದಲು ಬಾಯಿ ತೆರೆದು ಹಲ್ಲಿನ ಡಾಕ್ಟರಿಗೆ ತೋರಿಸಿ. ಉಪ್ಪಿನಕಾಯಿಗೆ ಆಮೇಲೆ ಜಾಗ ಹುಡುಕಿ, ಮೊದಲು ವೇವರ್ ಫಾರ್ಮಿನ ಕೊನೇ ದಿನಾಂಕ ಬರೆದಿಟ್ಟುಕೊಳ್ಳಿ. ಪಾಲಿಸಿಯಲ್ಲಿ ಏನು ಕೊಡ್ತೀವಿ ಅನ್ನೋ ಪುಟ ಆಮೇಲೆ ಓದಿದರೂ ನಡೆಯುತ್ತೆ; ಏನು ಕೊಡಲ್ಲ ಅನ್ನೋ ಪುಟ ಹೊರಡುವ ಮುಂಚೆ ಓದಿ.