ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಚರಂಡಿ

ದುದ್ದ ಹೋಬಳಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. ಎಡ, ಬಲ, ಕಿಲೋಮೀಟರು ಇವೆಲ್ಲ ನಮ್ಮ ಕಡೆ ನಡೆಯುವುದಿಲ್ಲ. “ಹಿಂಗೇ ಹೋಗಿ, ಪಟೇಲ್ರ ತೋಟ ಸಿಕ್ತದೆ. ಅಲ್ಲಿ ಮುಂಚೆ ಹುಣಸೆಮರ ಇತ್ತಲ್ಲ, ಆ ಜಾಗದಲ್ಲಿ ತಿರೀಕಳಿ” ಅನ್ನುತ್ತಾರೆ. ಮರವೂ ಇಲ್ಲ, ಪಟೇಲರೂ ಇಲ್ಲ. ಆದರೂ ಜನ ಸರಿಯಾಗಿ ಹೋಗಿ ಮುಟ್ಟುತ್ತಾರೆ, ಯಾಕೆಂದರೆ ಕೇಳುವವರೂ ಈ ಕಡೆಯವರೇ. ಈ ವಿದ್ಯೆ 112ಕ್ಕೆ ಫೋನ್ ಮಾಡಿದಾಗ ಕವಡೆ ಕಾಸಿಗೂ ಬರುವುದಿಲ್ಲ ಎಂಬುದನ್ನು ನಾನು ಚರಂಡಿಯಲ್ಲಿ ಅಂಗಾತ ಬಿದ್ದು ಕಲಿತೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಈ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಒಳ್ಳೆಯದಿತ್ತು. ನೆಂಟರ ಮನೆಗೆ ಹೊರಟವನಿಗೆ ಹೆಂಡತಿ “ಅರಸೀಕೆರೆ ರೋಡಲ್ಲೇ ಹೋಗಿ, ಮಳೆ ಬಂದದೆ” ಎಂದಿದ್ದಳು. ಒಳದಾರಿ ಗೊತ್ತಿರುವವನು ಟಾರು ರಸ್ತೆಯಲ್ಲಿ ಹೋದರೆ ಒಳದಾರಿಯ ಮರ್ಯಾದೆ ಏನಾಗಬೇಕು? ಮುಂಗಾರಿನ ಕೆಸರಿನಲ್ಲಿ ಸ್ಕೂಟರು ಜಾರಿತು. ಕೆಳಗೆ ನಾನು, ಮೇಲೆ ಸ್ಕೂಟರು. ಕಾಲು ಅಲ್ಲಾಡಿಸಲು ಆಗಲಿಲ್ಲ.

ಪವರ್ ಬಟನ್ ಮೂರು ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುತ್ತದೆ, ಕೀಪ್ಯಾಡ್ ಫೋನಾದರೆ 5 ಅಥವಾ 9 ಅನ್ನು ಒತ್ತಿ ಹಿಡಿಯಬೇಕು. 2017ರಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಿಗೆ ಇದು ನಿಯಮ. ಪೇಪರಿನಲ್ಲಿ ಓದಿದ್ದೆ. ಒತ್ತಿದೆ. ಎರಡನೇ ಒತ್ತಿಗೇ ಕ್ಯಾಮೆರಾ ತೆರೆದುಕೊಂಡು ನನ್ನ ಮೂಗಿನ ಹೊಳ್ಳೆಗಳ ಭವ್ಯವಾದ ಫೋಟೊ ತೆಗೆಯಿತು. ಕೊನೆಗೆ ಬೆರಳಿನಿಂದಲೇ 112 ಒತ್ತಿದೆ.

“ಹೇಳಿ ಸರ್, ಎಲ್ಲಿದ್ದೀರಿ?” ಹೆಣ್ಣುಮಗಳೊಬ್ಬಳ ಶಾಂತ ದನಿ.

“ಚರಂಡೀಲಿ ಕಣಮ್ಮ.”

“ಯಾವ ಊರಿನ ಚರಂಡಿ ಸರ್?”

“ಹೊಸಹಳ್ಳಿ ದಾಟಿ.”

“ಯಾವ ಹೊಸಹಳ್ಳಿ?”

ಆ ಮಗಳದು ತಪ್ಪಲ್ಲ. ಹೊಸಹಳ್ಳಿ ಇಲ್ಲದ ತಾಲ್ಲೂಕನ್ನು ಕರ್ನಾಟಕದಲ್ಲಿ ಹುಡುಕುವುದೇ ಕಷ್ಟ. “ಅಕ್ಕಪಕ್ಕ ಏನು ಕಾಣ್ತಿದೆ ಸರ್?” ಎಂದಳು. “ಆಲೂಗೆಡ್ಡೆ” ಎಂದೆ. ಮುಂಗಾರಿನಲ್ಲಿ ಹಾಸನದ ಕಡೆ ಬಂದು ಆಲೂಗೆಡ್ಡೆ ಹೊಲವೇ ಗುರುತು ಎಂದವನು ನಾನೊಬ್ಬನೇ ಇರಬೇಕು. ಆಗ ನನ್ನೊಳಗಿನ ಮೇಷ್ಟ್ರು ಎದ್ದ. “ಬರ್ಕೊಳ್ಳಮ್ಮ, ಸುಮಾರು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶ!” ಅತ್ತ ಕಡೆ ಮೌನ. ಅದೇ ಅಕ್ಷಾಂಶದ ಆಸುಪಾಸಿನಲ್ಲಿ ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಇವೆ. ಒಂದು ಡಿಗ್ರಿ ಆಚೀಚೆಯಾದರೆ 111 ಕಿಲೋಮೀಟರು ಹೋಯಿತು. ಇದನ್ನೂ ನಾನೇ ಪಾಠ ಮಾಡಿದ್ದೆ.

ಹಿಂದೆ ಈ ತಾಪತ್ರಯ ಕಡಿಮೆ. 1937ರಲ್ಲಿ ಲಂಡನ್ನಿನವರು ತುರ್ತು ಕರೆಗೆ 999 ಶುರುಮಾಡಿದಾಗ ಅವರಿಗಿದ್ದ ಚಿಂತೆಯೇ ಬೇರೆ. ಗಾಳಿಗೆ ತಂತಿಗಳು ತಾಗಿದರೂ ‘ಒಂದು’ ಡಯಲ್ ಮಾಡಿದಂತಾಗುತ್ತದೆ, ಹಾಗಾಗಿ 111 ಬೇಡ ಎಂದರು. ಫೋನು ಗೋಡೆಗೆ ಕಟ್ಟಿಹಾಕಿದ್ದ ಕಾಲ. ನಂಬರು ಗೊತ್ತಾದರೆ ಮನೆಯೂ ಗೊತ್ತಾಗುತ್ತಿತ್ತು. ಜೇಬಿಗೆ ಬಂದ ಫೋನಿಗೆ ವಿಳಾಸವಿಲ್ಲ, ಟವರು ಮಾತ್ರ. ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಟವರು ತಿಳಿದರೆ ಆ ಬೀದಿಯ ಆಸುಪಾಸು ತಿಳಿದಂತೆ. ಹಳ್ಳಿ ಕಡೆ ಒಂದೇ ಟವರು ಹಲವು ಕಿಲೋಮೀಟರು ಆಳುತ್ತದೆ, ಅಷ್ಟರೊಳಗೆ ಎಷ್ಟು ಊರು, ಎಷ್ಟು ಚರಂಡಿ! ಇದಕ್ಕೆಂದೇ 2018ರಿಂದ ಹೊಸ ಫೋನುಗಳಲ್ಲಿ ಜಿಪಿಎಸ್ ಕಡ್ಡಾಯ ಮಾಡಿದ್ದಾರೆ. ನನ್ನ ಫೋನಿನಲ್ಲೂ ಇತ್ತು. ಆದರೆ ಲೊಕೇಶನ್ ಆನ್ ಇಟ್ಟರೆ ಬ್ಯಾಂಕಿನ ದುಡ್ಡು ಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದ್ದನ್ನು ನಂಬಿ ಆಫ್ ಮಾಡಿದ್ದೆ. ನಂಬಿದ್ದಷ್ಟೇ ಅಲ್ಲ, ಇಡೀ ಬಳಗಕ್ಕೆ ಫಾರ್ವರ್ಡ್ ಮಾಡಿದ್ದೆ.

ಅಷ್ಟರಲ್ಲಿ ಹಸು ಹೊಡೆದುಕೊಂಡು ಅಜ್ಜಿಯೊಬ್ಬರು ಬಂದರು. “ಯಾರಪ್ಪ ಅದು, ನಮ್ಮ ಮನೆ ಮುಂದೆ ಮಲ್ಗಿರದು?” ಬೇಲಿಯ ಆಚೆಗೇ ಅವರ ಮನೆ. ಇಷ್ಟು ಹೊತ್ತು ನಾನು ಕಿರುಚಿದ್ದು ಇಂಗ್ಲಿಷಿನಲ್ಲಿ ‘ಹೆಲ್ಪ್, ಹೆಲ್ಪ್’ ಎಂದು. ಯಾವುದೋ ಸಿನಿಮಾ ಅಂದುಕೊಂಡರಂತೆ.

ಅಜ್ಜಿ ಫೋನು ಕಿತ್ತುಕೊಂಡರು. “ಬರ್ಕೊ ಮಗ” ಎಂದು ಊರು, ಪಂಚಾಯ್ತಿ, ದುದ್ದ ಹೋಬಳಿ, ಹಾಸನ ತಾಲ್ಲೂಕು ಒಂದೇ ಉಸಿರಿಗೆ ಹೇಳಿ, “ಸ್ಕೂಲ್ ಹಿಂದ್ಗಡೆ ಟೀಸಿ ಹತ್ರ. ಕಂಬದ ಮ್ಯಾಲೆ ನಂಬ್ರ ಬರ್ದವ್ರೆ, ಅದೂ ಬೇಕಾ?” ಎಂದು ಕೇಳಿದರು. ಟೀಸಿ ಎಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು. ಅವರ ಮಗ ಬಂದು ಸ್ಕೂಟರು ಎತ್ತಿ ನನ್ನನ್ನು ಜಗಲಿ ಮೇಲೆ ಕೂರಿಸಿ ಕಾಫಿ ಕೊಡುವುದಕ್ಕೂ ಗಾಡಿ ಬರುವುದಕ್ಕೂ ಸರಿಹೋಯಿತು. ಕಾಲು ಮುರಿದಿರಲಿಲ್ಲ, ಉಳುಕಿತ್ತು ಅಷ್ಟೆ. ಮುರಿದಿದ್ದರೆ ಮನೆಯಲ್ಲಿ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂದು ತಂದಿದೆ. ಸುಮಾರು ನಾಲ್ಕು ಮೀಟರು ಉದ್ದಗಲದ ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು. ಅಂದರೆ ನನ್ನ ಚರಂಡಿಗೂ ಸ್ವಂತ ವಿಳಾಸವಿದೆ. ಒಳ್ಳೆಯ ಏರ್ಪಾಡು. ಆದರೆ ಬಿದ್ದ ಜಾಗದ ಆ ಹತ್ತು ಅಕ್ಷರ ತಿಳಿಯಬೇಕಾದರೂ ಮೊದಲು ಲೊಕೇಶನ್ ಆನ್ ಮಾಡಬೇಕು. ಸದ್ಯಕ್ಕೆ ನನ್ನ ಓಟು ಟೀಸಿ ನಂಬರಿಗೆ.

ಓದುಗರಲ್ಲಿ ಒಂದು ವಿನಂತಿ. ಕರ್ನಾಟಕದಲ್ಲಿ 2019ರಿಂದ ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ 112 ಒಂದೇ ಸಾಕು. ಲೊಕೇಶನ್ ಆನ್ ಇರಲಿ. ಊರಿನ ಹೆಸರೊಂದನ್ನೇ ಹೇಳಬೇಡಿ, ಹೋಬಳಿ, ತಾಲ್ಲೂಕು ಸೇರಿಸಿ ಹೇಳಿ. ಗೊತ್ತಿಲ್ಲದಿದ್ದರೆ ಹತ್ತಿರದ ಅಂಗಡಿ ಬೋರ್ಡಿನ ಕೊನೆ ಸಾಲು ಓದಿ. ಬಟನ್ ತಪ್ಪಿ ಒತ್ತಿಬಿಟ್ಟಿದ್ದರೆ ಹೆದರಿ ಫೋನ್ ಕತ್ತರಿಸಬೇಡಿ, “ತಪ್ಪಾಗಿ ಬಂತು” ಎಂದು ಹೇಳಿಯೇ ಇಡಿ.